ಮೂರು ಸ್ವರದ ಮಾಲೀಕರು

ಫೆಬ್ರವರಿ 4

ಪ್ರೀತಿಯ ತಿರುಪು,

ಕಾಗದ ನೋಡಿ ಹೌಹಾರಬೇಡ. ಈ ಕಾಲದಲ್ಲಿ ಅತ್ತಿಗೆ ಲಕೋಟೆಗೆ ಅಂಚೆಚೀಟಿ ಅಂಟಿಸಿ ಕಳಿಸಿದ್ದಾಳೆಂದರೆ ಅವಳ ತಲೆಯದೇ ಒಂದು ತಿರುಪು ಸಡಿಲವಾಗಿರಬೇಕು ಎಂದುಕೊಂಡರೂ ತಪ್ಪಿಲ್ಲ. ನನ್ನ ಈಮೇಲ್ ಸತ್ತುಹೋಗಿದೆ. ಬರೀ ಈಮೇಲ್ ಅಲ್ಲ. ಫೋಟೊಗಳು, ಎಲ್ಲರ ವಿಳಾಸ, ಶಾಲೆಯ ಪಾಠಗಳು, ನನ್ನ ಹಾಡುಗಳು, ಎಲ್ಲವೂ ಆ ದೊಡ್ಡ ಕಂಪನಿಯ ಒಂದೇ ಖಾತೆಯಲ್ಲಿದ್ದವು. ಹೋದ ಸೋಮವಾರ ಶಾಲೆಯ ಸಂಗೀತದ ಕೋಣೆಯಲ್ಲಿ ಕಂಪ್ಯೂಟರ್ ಹಾಕಿದರೆ ಒಂದೇ ಒಂದು ಸಾಲು ಬಂತು: ನಿಮ್ಮ ಹಾಡುಗಳು ಬೇರೊಬ್ಬರ ಸ್ವತ್ತು, ಖಾತೆಯನ್ನು ಮುಚ್ಚಲಾಗಿದೆ.

ಯಾವ ಹಾಡು ಎಂದು ನಿನಗೆ ಗೊತ್ತು. ವಾರಕ್ಕೆರಡು ಮಧ್ಯಾಹ್ನ ನಾನು ಆಸ್ಪತ್ರೆಯ ಮಾತಿನ ಕೋಣೆಗೆ ಹೋಗುತ್ತೇನಲ್ಲ, ಅಲ್ಲಿಗಾಗಿ ಕಟ್ಟಿದವು. ಪಾರ್ಶ್ವವಾಯು ಹೊಡೆದು ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿದಿರುತ್ತದೆ. 'ನೀರು ಬೇಕು' ಎಂದು ಹೇಳಲಾಗದವರು ಅದನ್ನೇ ರಾಗ ಎಳೆದು ಹಾಡುತ್ತಾರೆ, ಹಾಡುತ್ತ ಹಾಡುತ್ತ ಒಂದು ದಿನ ಹೇಳುತ್ತಾರೆ. ಡಾಕ್ಟರಮ್ಮ ಕೇಳಿದ್ದಕ್ಕೆ ಇಷ್ಟು ವರ್ಷಗಳಲ್ಲಿ ನೂರಕ್ಕೆ ಹತ್ತಿರ ಚಿಕ್ಕಚಿಕ್ಕ ಹಾಡು ಮಾಡಿದ್ದೆ. ನೀರು ಬೇಕು, ದೀಪ ಆರಿಸು, ಬಾಗಿಲು ತೆಗೆ, ಯಾರು ಬಂದರು, ಇಂಥವು. ಎಲ್ಲವೂ ಎರಡು ಸ್ವರ, ಹೆಚ್ಚೆಂದರೆ ಮೂರು. ಈಗ ಯಾರೋ ನಿದ್ದೆ ಬರಿಸುವ ಸಂಗೀತ ಮಾರುವವರು ಅಂಥದೇ ಮೂರು ಸ್ವರ ನಮ್ಮದು ಎಂದು ದಾಖಲು ಮಾಡಿಸಿದ್ದಾರಂತೆ. ಕಂಪನಿಯ ಯಂತ್ರ ತಾಳೆ ನೋಡಿ ನನ್ನನ್ನೇ ಕಳ್ಳಿ ಎಂದಿತು. ಮೂರು ಸ್ವರಕ್ಕೂ ಮಾಲೀಕರಿರುತ್ತಾರೆ ಎಂದು ನನಗೆ ಯಾರೂ ಪಾಠ ಹೇಳಿರಲಿಲ್ಲ, ಮಾರಾಯ. ಮೇಲ್ಮನವಿ ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 'ಕೂಲಂಕಷವಾಗಿ ಪರಿಶೀಲಿಸಿದ್ದೇವೆ.'

ನೀನು ಆ ಕಂಪನಿ ಬಿಟ್ಟು ನಿಮ್ಮದೇ ಏನೋ ಕಟ್ಟಿಕೊಂಡಿದ್ದೀಯಲ್ಲ, ಅದರಲ್ಲಿ ಇವಕ್ಕೆ ಜಾಗವಿದೆಯೇ? ಸ್ವಲ್ಪ ಬೇಗ ಹೇಳು.

ಫೋನ್ ಮಾಡಬೇಡ. ಶಾಲೆಯಲ್ಲಿ ಎತ್ತಲಾಗುವುದಿಲ್ಲ, ಮನೆಯಲ್ಲಿ ಕೈ ಬಿಡುವಿರುವುದಿಲ್ಲ. ಮೆಸೇಜಿನ ಆ ಇರುವೆಯಂಥ ಅಕ್ಷರಗಳಲ್ಲಿ ಇಷ್ಟೆಲ್ಲ ಹೇಳುವುದು ನನ್ನಿಂದಾಗದು. ನಿನ್ನಣ್ಣ ಆರಾಮ.

ನಿನ್ನ ಅತ್ತಿಗೆ


ಫೆಬ್ರವರಿ 12

ಪ್ರೀತಿಯ ಅತ್ತಿಗೆ,

ನಿಮ್ಮ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ನಮ್ಮ ಕೂಟದವರೆಲ್ಲ ಸುತ್ತ ನಿಂತು ಲಕೋಟೆಯನ್ನು ಹಳೇ ನಾಣ್ಯದ ಹಾಗೆ ತಿರುಗಿಸಿ ನೋಡಿದರು.

ಜಾಗ ಇದೆಯೇ ಎಂದು ಕೇಳಿದ್ದೀರಿ. ಇರುವುದೇ ಅದಕ್ಕೆ. ನಾವು ಇರುವುದು ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಇಸ್ತ್ರಿ ಶುರುವಾದರೆ ನಮ್ಮ ನೆಲ ಬೆಚ್ಚಗಾಗುತ್ತದೆ, ಚಳಿಗಾಲದಲ್ಲಿ ಇದಕ್ಕಿಂತ ಸುಖವಿಲ್ಲ. ಪ್ರೋಗ್ರಾಂ ಬರೆಯುವವರು ನಾಲ್ಕು ಜನ, ಉಳಿದವರೆಲ್ಲ ಸಂಗೀತದವರು. ಡ್ರಮ್ ಬಾರಿಸುವವನೊಬ್ಬನಿದ್ದಾನೆ, ಅವನೇ ನಮ್ಮ ಅಧ್ಯಕ್ಷ, ಕಾರಣ ಅವನ ದನಿ ಮಾತ್ರ ಎಲ್ಲರಿಗೂ ಕೇಳಿಸುತ್ತದೆ.

ನಮ್ಮದರಲ್ಲಿ ಹಾಡುಗಳು ಒಂದೇ ಗೋದಾಮಿನಲ್ಲಿ ಇರುವುದಿಲ್ಲ. ಲೈಬ್ರರಿ, ಶಾಲೆ, ಸಂಗೀತ ಸಂಘ, ಯಾರು ತಮ್ಮ ಕಂಪ್ಯೂಟರಿನಲ್ಲಿ ಜಾಗ ಕೊಡುತ್ತಾರೋ ಅವರ ಬಳಿ ಒಂದೊಂದು ಪ್ರತಿ ಇರುತ್ತದೆ. ಒಂದು ಕಡೆ ಬೀಗ ಬಿದ್ದರೆ ಇನ್ನೊಂದು ಕಡೆಯಿಂದ ಕೇಳಿಸುತ್ತದೆ. ನಾವು ಬರೆದ ಪ್ರೋಗ್ರಾಮನ್ನೂ ಮುಚ್ಚಿಟ್ಟಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮೂರಲ್ಲಿ ನಡೆಸಬಹುದು. ತಕರಾರು ಬಂದರೆ ಯಂತ್ರ ತೀರ್ಪು ಕೊಡುವುದಿಲ್ಲ, ನಮ್ಮಲ್ಲಿ ಮೂವರು ಕೂತು ಎರಡೂ ಕಡೆಯವರನ್ನು ಕೇಳುತ್ತಾರೆ. ನಿಧಾನ, ನಿಜ. ಆದರೆ ಮೂರು ಸ್ವರಕ್ಕೆ ಯಾರನ್ನೂ ಕಳ್ಳಿ ಎನ್ನುವುದಿಲ್ಲ.

ನಿಮ್ಮ ಹಾಡಿನ ಮೂಲ ಫೈಲುಗಳನ್ನು ಕಳಿಸಿಕೊಡಿ, ಒಂದು ವಾರದ ಕೆಲಸ.

ಇನ್ನೊಂದು ಮಾತು. ನಿಮ್ಮ ಪತ್ರವನ್ನು ಎರಡು ಸಲ ತಿರುವಿ ನೋಡಿದೆ. ನೀವು ಏನೇ ಬರೆದರೂ ಕೆಳಗೆ ಅಣ್ಣ ಒಂದು ತರಲೆ ಸಾಲು ಗೀಚುತ್ತಿದ್ದರು. ಈ ಸಲ ಇಲ್ಲ. ನಾನು ಕಂಪನಿ ಬಿಟ್ಟದ್ದು ಅವರಿಗೆ ಇನ್ನೂ ಅರಗಿಲ್ಲವೇ? "ಆನೆ ಮೇಲಿಂದ ಇಳಿದು ಇರುವೆ ಸಾಲಲ್ಲಿ ನಿಂತ್ಕೊಂಡೆಯಲ್ಲೋ" ಎಂದು ಆವತ್ತು ಅಂದಿದ್ದರು. "ತಿರುಪು ಬಿಚ್ಚಿ ಬಿಚ್ಚಿ ಕೊನೆಗೆ ತಿರುಪೆ ಎತ್ತೋ ಹಾಗಾಗ್ತೀಯ" ಎಂದೂ ಅಂದಿದ್ದರು. ಹೂವಿನ ಮಂಡಿಯಲ್ಲಿ ಹರಾಜು ಕೂಗುವವರ ಬಾಯಿ, ನಾನು ತಮಾಷೆ ಎಂದುಕೊಂಡಿದ್ದೆ.

ನಿಮ್ಮ ಮೈದುನ


ಫೆಬ್ರವರಿ 20

ಪ್ರೀತಿಯ ತಿರುಪು,

ಮೂಲ ಫೈಲು ಎಂದೆಯಲ್ಲ, ಇಲ್ಲ. ಎಲ್ಲವೂ ಅಲ್ಲಿಯೇ ಇದ್ದವು. ಮನೆಯ ಕಂಪ್ಯೂಟರಿನಲ್ಲಿ ಹೆಸರುಗಳಿವೆ, ಒತ್ತಿದರೆ ಅದೇ ಬೀಗದ ಬಾಗಿಲಿಗೆ ಕರೆದೊಯ್ಯುತ್ತವೆ. ಬೈಯಬೇಡ. ಬ್ಯಾಂಕು ನುಂಗುತ್ತದೆಂದು ಯಾರಾದರೂ ದುಡ್ಡನ್ನು ದಿಂಬಿನಲ್ಲೂ ಇಡುತ್ತಾರೆಯೇ?

ಮತ್ತೆ ಹಾಡಿ ರೆಕಾರ್ಡ್ ಮಾಡೋಣ ಎಂದು ಫೋನ್ ಹಿಡಿದು ಕೂತೆ. ದನಿ ನಡುಗುತ್ತದೆ. ನೆಗಡಿ ಇರಬೇಕು.

ನನಗೆ ಆತುರ ಏಕೆಂದರೆ ಒಬ್ಬರಿದ್ದಾರೆ. ಹೊಸಬರು. ಜೀವನವಿಡೀ ದನಿಯಿಂದಲೇ ದುಡಿದು ತಿಂದವರು. ಬಲಗೈಯೂ ಅಷ್ಟಾಗಿ ಏಳುವುದಿಲ್ಲ. ಮಾತಿನ ಕೋಣೆಗೆ ಬರಲು ಒಪ್ಪುವುದಿಲ್ಲ. ನಾಲ್ಕು ಜನರೆದುರು ಬಾಯಿ ತೆರೆದು ಅರ್ಧ ಅಕ್ಷರ ಹೊರಡಿಸುವುದು ಅವರಿಗೆ ಸಾವಿಗಿಂತ ಕಡೆ. ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಆ ಹಾಡುಗಳನ್ನು ಹಚ್ಚುತ್ತಿದ್ದರು. ಮನೆಯವರು ಕಿವಿಗೊಡುತ್ತಾರೆಂದು ಗೊತ್ತಾದರೆ ನಿಲ್ಲಿಸಿಬಿಡುತ್ತಿದ್ದರು. ಆದರೂ ಮೆಲ್ಲಗೆ ಶುರುವಾಗಿತ್ತು. ಬಾಗಿಲ ಆಚೆಯಿಂದ ಗೊಗ್ಗರು ದನಿಯಲ್ಲಿ ಒಂದು 'ನೀ' ಕೇಳಿತ್ತು. ಅದಾದ ಮಾರನೆಯ ದಿನ ಖಾತೆ ಮುಚ್ಚಿತು. ಈಗ ಅವರು ಫೋನನ್ನು ಮಗುಚಿ ಇಟ್ಟು ಗೋಡೆ ನೋಡುತ್ತಾರೆ.

ಮಾತಿನ ಕೋಣೆಯ ಹಳಬರಲ್ಲಿ ಕೆಲವರ ಫೋನಿನಲ್ಲಿ ಹಾಡುಗಳಿರಬಹುದು ಎನ್ನುತ್ತಾರೆ ಡಾಕ್ಟರಮ್ಮ. ರೋಗಿ ಅಭ್ಯಾಸ ಮಾಡುವಾಗ ರೆಕಾರ್ಡ್ ಮಾಡಿ ತನ್ನಿ, ಎಷ್ಟು ಸುಧಾರಿಸಿದೆ ನೋಡೋಣ ಎಂದು ಅವರು ಮನೆಯವರಿಗೆ ಹೇಳುತ್ತಿದ್ದರು. ಅದರಲ್ಲಿ ನನ್ನ ಹಾಡೂ ಹಿಂದಿನಿಂದ ಕೇಳಿಸುತ್ತಿರುತ್ತದೆ. ಅದರಿಂದ ಏನಾದರೂ ಆದೀತೇ?

ನಿನ್ನಣ್ಣನಿಗೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ. ಕೆಲಸ ಜಾಸ್ತಿ.

ಅತ್ತಿಗೆ


ಮಾರ್ಚ್ 1

ಪ್ರೀತಿಯ ಅತ್ತಿಗೆ,

ಆಗುತ್ತದೆ. ಒಂದು ಪುಟ ತೆರೆದಿದ್ದೇನೆ, ವಿಳಾಸವನ್ನು ಬೇರೆ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಇಟ್ಟಿದ್ದೇನೆ. ಡಾಕ್ಟರಮ್ಮ ಅದನ್ನು ಗೋಡೆಗೆ ಅಂಟಿಸಲಿ. ಹಳಬರು ತಮ್ಮಲ್ಲಿರುವ ರೆಕಾರ್ಡಿಂಗುಗಳನ್ನು ಅಲ್ಲಿ ಹಾಕಿದರೆ ಸಾಕು. ಅವರ ದನಿ, ಕೆಮ್ಮು, ಪಾತ್ರೆಯ ಸದ್ದು ಎಲ್ಲವನ್ನೂ ಕಳೆದು ನಿಮ್ಮ ದನಿ ಒಂದನ್ನೇ ಉಳಿಸುವ ಪ್ರೋಗ್ರಾಂ ನಮ್ಮಲ್ಲಿದೆ. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿಕೊಡುತ್ತೇನೆ.

ನೀವು ಹೇಳಿದ ಆ ಯಜಮಾನರ ಬಗ್ಗೆ ಓದಿ ಅಯ್ಯೋ ಅನ್ನಿಸಿತು. ಆದರೆ ಅವರಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲವೇ? ರೆಕಾರ್ಡಿಂಗ್ ಬರುವ ತನಕ ಮನೆಯವರೇ ಯಾರಾದರೂ ಎದುರು ಕೂತು ಹಾಡಿಕೊಡಬಹುದಲ್ಲ. ಊರವರ ಚಿಂತೆಯನ್ನೆಲ್ಲ ನೀವೊಬ್ಬರೇ ಹೊತ್ತುಕೊಳ್ಳಬೇಡಿ.

ಇನ್ನು ನನ್ನ ಅಣ್ಣನ ವಿಷಯ. ನೀವು ಬೇಡ ಎಂದರೂ ಮೊನ್ನೆ ಮಧ್ಯಾಹ್ನ ಅವರ ಫೋನಿಗೇ ಮಾಡಿದೆ. ಎತ್ತಿದರು. "ಅಣ್ಣಾ, ನಾನು ಕಣೋ" ಎಂದೆ. ಮಾತಿಲ್ಲ. ಉಸಿರು ಕೇಳಿಸುತ್ತಿತ್ತು. "ಸಿಟ್ಟಿದ್ರೆ ಬೈದುಬಿಡು, ಸುಮ್ನಿರ್ಬೇಡ" ಎಂದೆ. ಏನೋ ಗಂಟಲು ಸರಿಮಾಡಿದ ಹಾಗಾಯಿತು, ಆಮೇಲೆ ಕಟ್ ಮಾಡಿದರು. ಸಂತೆಯಷ್ಟು ಜನಕ್ಕೆ ಕೇಳುವ ಹಾಗೆ ಕೂಗುವ ಮನುಷ್ಯ ಸ್ವಂತ ತಮ್ಮನಿಗೆ ಒಂದು 'ಹಲೋ' ಅನ್ನಲಿಲ್ಲ. ಕೆಲಸ ಜಾಸ್ತಿ ಎಂದು ಇನ್ನು ನನಗೆ ಹೇಳಬೇಡಿ, ಅತ್ತಿಗೆ. ನಾನು ಮತ್ತೆ ಫೋನ್ ಮಾಡುವುದಿಲ್ಲ.

ಮೈದುನ


ಮಾರ್ಚ್ 17

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮಿಂದ ಉತ್ತರವಿಲ್ಲ. ನನ್ನ ಹಿಂದಿನ ಪತ್ರ ಖಾರವಾಯಿತೇನೋ. ಇರಲಿ.

ರೆಕಾರ್ಡಿಂಗುಗಳು ಬರುತ್ತಿವೆ. ನಿವೃತ್ತ ಬಸ್ ಡ್ರೈವರ್ ಒಬ್ಬರದು, ಬೇಕರಿ ನಡೆಸುವ ಹೆಂಗಸಿನದು, ಇನ್ನೂ ಹತ್ತಾರು ಜನರದು. ಅರ್ಧದಷ್ಟು ಹಾಡುಗಳು ಸಿಕ್ಕಿವೆ. ಆರಿಸುವುದು ಎಣಿಸಿದಷ್ಟು ಸುಲಭವಿಲ್ಲ. ನಿಮ್ಮ ದನಿಯೂ ಅವರ ದನಿಯೂ ಹೆಣೆದುಕೊಂಡುಬಿಟ್ಟಿವೆ. ಬಿಡಿಸಿದರೆ ನಿಮ್ಮದೂ ಬಿಳಿಚಿದ ಹಾಗೆ ಕೇಳಿಸುತ್ತದೆ. ಆದರೂ ಮಾಡುತ್ತಿದ್ದೇನೆ. ಒಪ್ಪಿಕೊಂಡ ಕೆಲಸ.

ನಿಮಗೆ ಹೇಳದ ಸುದ್ದಿಯೊಂದಿದೆ. ಮುಚ್ಚಿಟ್ಟು ಏನು ಪ್ರಯೋಜನ. ದೊಡ್ಡ ಕಂಪನಿ ನಮ್ಮ ಕೂಟವನ್ನು ಕೊಳ್ಳಲು ಕೇಳಿದೆ. ನಮ್ಮ ಹೆಸರು, ನಮ್ಮಲ್ಲಿಗೆ ಬರುವ ಕೇಳುಗರು, ಪ್ರೋಗ್ರಾಂ ಬರೆಯುವ ನಾವು ನಾಲ್ವರು, ಎಲ್ಲವನ್ನೂ. ಬರೆದ ಪ್ರೋಗ್ರಾಂ ಬಯಲಲ್ಲೇ ಉಳಿಯುತ್ತದೆ, ಯಾರೂ ಮುಟ್ಟುವುದಿಲ್ಲ ಎಂದು ಸಮಾಧಾನ ಹೇಳಿದ್ದಾರೆ. ಹೂಳೆತ್ತುವವರಿಲ್ಲದ ಬಾವಿಯೂ ಬಯಲಲ್ಲೇ ಇರುತ್ತದೆ. ಹೋಗಲಿ. ನನಗೆ ಹಿಂದಿಗಿಂತ ಮೇಲಿನ ಹುದ್ದೆ ಕೊಡುತ್ತಾರಂತೆ.

ಏಪ್ರಿಲ್ ಮೊದಲ ವಾರ ನಮ್ಮೆಲ್ಲರ ಮತ ಇದೆ. ಇಷ್ಟು ದಿನ ಬೇಡ ಬೇಡ ಎಂದು ಕೂಗಿದವನು ನಾನೇ. ನನ್ನದೊಂದು ಮತ ಆಚೆ ಬಿದ್ದರೆ ನನ್ನ ಹಿಂದೆ ನಾಲ್ಕಾರು ಬೀಳುತ್ತವೆ. ಮಾರೋಣ ಎಂದು ಹೇಳಲು ನಿಶ್ಚಯಿಸಿದ್ದೇನೆ. ಅಣ್ಣ ಹೇಳಿದ್ದೇ ಸರಿ, ಇರುವೆ ಸಾಲಿನಲ್ಲಿ ಎಷ್ಟು ದಿನ ನಿಲ್ಲುವುದು. ಅವರಿಗೆ ತಿಳಿಸಿ. ಆನೆ ಮತ್ತೆ ಸೊಂಡಿಲು ಚಾಚಿದೆ, ತಮ್ಮ ಹತ್ತುತ್ತಿದ್ದಾನೆ ಎಂದು ಹೇಳಿ. ಆಗಲಾದರೂ ಬಾಯಿ ಬಿಟ್ಟಾರು.

ಇಂತು


ಮಾರ್ಚ್ 21

ತಿರುಪು,

ನಿನ್ನ ಕಾಗದ ಇವತ್ತು ಬಂತು. ಶಾಲೆಯಿಂದ ಬಂದವಳು ಚಪ್ಪಲಿ ಬಿಚ್ಚದೆ ಬರೆಯುತ್ತಿದ್ದೇನೆ.

ಆ ಯಜಮಾನರು ನಿನ್ನಣ್ಣ.

ಡಿಸೆಂಬರಿನಲ್ಲಿ ಆಯಿತು. ಮಂಡಿಯಲ್ಲಿ ಚೆಂಡುಹೂವಿನ ರಾಶಿಯ ಮುಂದೆ ನಿಂತು ಕೂಗುತ್ತಿದ್ದರಂತೆ. ನಡುವೆ ಬೆಲೆ ತಪ್ಪಿತು. ಜನ ನಕ್ಕರಂತೆ, ತಮಾಷೆ ಮಾಡುತ್ತಿದ್ದಾರೆಂದು. ಆಮೇಲೆ ಮಾತೇ ಬರಲಿಲ್ಲ. ಹೂವಿನ ಬುಟ್ಟಿಗಳ ಮೇಲೆಯೇ ಕುಸಿದರು. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ತಂದರು, ಜೀವಕ್ಕೆ ಏನೂ ಭಯವಿಲ್ಲ, ಈಗ ಕೋಲಿಲ್ಲದೆ ನಡೆಯುತ್ತಾರೆ, ಮೊದಲು ಅದನ್ನು ಓದಿಕೊ. ಬಲಗೈ ಇನ್ನೂ ಸೋಮಾರಿ. ಮಾತು ಹೋಗಿದೆ. ನಾವು ಹೇಳುವುದೆಲ್ಲ ತಿಳಿಯುತ್ತದೆ. ಹೇಳಬೇಕೆಂದಿರುವುದೂ ಒಳಗಿದೆ, ಹೊರಗೆ ದಾರಿ ಸಿಗುವುದಿಲ್ಲ.

ನಿನಗೆ ಫೋನ್ ಮಾಡಲು ಹೊರಟಾಗ ನನ್ನ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ತಲೆ ಅಲ್ಲಾಡಿಸಿದರು. ಅವತ್ತೂ, ಮಾರನೆ ದಿನವೂ, ಆಮೇಲೂ. ನಿನ್ನ ಹೆಸರು ಎತ್ತಿದರೆ ಸಾಕು, ಕಣ್ಣು ತುಂಬುತ್ತಿದ್ದವು. ನಿನ್ನ ಕಣ್ಣಲ್ಲಿ ತಾನು ಹೇಗಿದ್ದೇನೋ ಹಾಗೇ ಇರಬೇಕೆಂಬ ಆಸೆ ಇರಬೇಕು. ಮಾತು ಬಂದ ಮೇಲೆ ಹೇಳಿದರಾಯಿತು ಎಂದು ನಾನೂ ಒಪ್ಪಿದೆ. ತಿಂಗಳೊಪ್ಪತ್ತು ಎಂದುಕೊಂಡಿದ್ದೆ.

ಹೆಂಡತಿ ಎದುರು ಕೂತು ಹಾಡಿಕೊಡಬಾರದೇ ಎಂದು ನೀನು ಕೇಳಿದ್ದೆ. ಹಾಡಿದೆ. ನಾನು ಊರವರಿಗೆಲ್ಲ ಕಲಿಸಿದವಳು, ಇವರ ಎದುರು ಕೂತು 'ನೀರು ಬೇಕು' ಎಂದು ಹಾಡಲು ಹೊರಟರೆ ನನ್ನ ದನಿ ನಡುಗಿತು. ಅದನ್ನು ನೋಡಿ ಇವರು ಮುಖ ತಿರುಗಿಸಿದರು. ನೆಗಡಿ ಎಂದು ನಿನಗೆ ಬರೆದೆ. ರೆಕಾರ್ಡಿಂಗಿನಲ್ಲಿದ್ದವಳು ಅಳುತ್ತಿರಲಿಲ್ಲ ನೋಡು. ಅದಕ್ಕೇ ಇವರಿಗೆ ಅವಳೇ ಬೇಕಾಗಿದ್ದಳು.

ಇನ್ನು ಆ ಫೋನು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಪರದೆಯ ಮೇಲೆ ನಿನ್ನ ಹೆಸರು ನೋಡಿ ಇವರು ತಾವಾಗಿ ಎತ್ತಿದರು. ಆ ಎರಡು ತಿಂಗಳಲ್ಲಿ ಇವರು ಎತ್ತಿದ ಒಂದೇ ಕರೆ ಅದು. ತುಟಿ ಆಡಿಸಿದರು, ಗಂಟಲು ಸರಿಮಾಡಿದರು, ಮತ್ತೆ ಆಡಿಸಿದರು. ನೀನು 'ಸಿಟ್ಟಿದ್ದರೆ ಬೈದುಬಿಡು' ಎಂದೆಯಂತೆ, ನನಗೆ ಕೇಳಿಸಲಿಲ್ಲ. ಇವರು ಅಲ್ಲ, ಅಲ್ಲ ಎಂದು ತಲೆ ಅಲ್ಲಾಡಿಸುತ್ತಲೇ ಇದ್ದರು, ಫೋನಿನಲ್ಲಿ ಅದು ನಿನಗೆ ಕಾಣುತ್ತದೆಯೇ? ಆಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಅದಾದ ಮೇಲೆ ನಿನಗೆ ಏನು ಬರೆಯುವುದೆಂದು ತಿಳಿಯದೆ ಸುಮ್ಮನಾದೆ.

ನಿಮ್ಮ ಕೂಟವನ್ನು ಮಾರುವುದು ಬಿಡುವುದು ನಿಮ್ಮ ಇಷ್ಟ. ನನ್ನ ಹಾಡಿಗೆ ಜಾಗ ಬೇಕೆಂದು ನಿನ್ನ ಅನ್ನಕ್ಕೆ ಅಡ್ಡ ಬರುವವಳಲ್ಲ ನಾನು. ಆದರೆ ಅಣ್ಣನ ಸಿಟ್ಟು ಇಳಿಸಲೆಂದು ಮಾರಬೇಡ. ಆ ಸಿಟ್ಟು ಇಲ್ಲವೇ ಇಲ್ಲ.

ನಾನು ಬರೆದೆನೆಂದು ಇವರಿಗೆ ಇನ್ನೂ ಹೇಳಿಲ್ಲ. ಬೈಯಲಿ. ಬೈದರೆ ನಾನು ಸಕ್ಕರೆ ಹಂಚುತ್ತೇನೆ.

ಅತ್ತಿಗೆ


ಮಾರ್ಚ್ 25

ಅತ್ತಿಗೆ,

ಇದನ್ನು ಸ್ಟೇಷನ್ನಿನಲ್ಲಿ ಬರೆಯುತ್ತಿದ್ದೇನೆ. ಅಂಚೆಯವನಿಗಿಂತ ಮೊದಲು ನಾನೇ ಬಂದಿರುತ್ತೇನೆ. ಅಣ್ಣನಿಗೆ ಮೊದಲೇ ಹೇಳಿ. ಬೇಡ ಎಂದು ತಲೆ ಅಲ್ಲಾಡಿಸಿದರೆ ರೈಲು ಹೊರಟಾಗಿದೆ ಎನ್ನಿ.

ತಿರುಪು


ಏಪ್ರಿಲ್ 15

ಪ್ರೀತಿಯ ಅತ್ತಿಗೆ,

ಸುಖವಾಗಿ ತಲುಪಿದೆ. ನೀವು ಕಟ್ಟಿಕೊಟ್ಟ ಬುತ್ತಿಯನ್ನು ಎದುರು ಸೀಟಿನ ಮುದುಕಿಯೂ ನಾನೂ ಹಂಚಿಕೊಂಡೆವು, ಅವರು ನಿಮಗೆ ನೂರು ವರ್ಷ ಆಯಸ್ಸು ಹಾರೈಸಿದ್ದಾರೆ.

ಈ ಪತ್ರ ಬರೆಯಲು ಕಾರಣವಿದೆ. ನೀವು ಶಾಲೆಗೆ ಹೋಗಿದ್ದಾಗ ಮನೆಯಲ್ಲಿ ನಡೆದದ್ದೊಂದನ್ನು ಅಣ್ಣನ ಮುಂದೆ ಹೇಳಲು ಆಗಲಿಲ್ಲ, ಅವರು ಕ್ಷಣ ಬಿಟ್ಟಿದ್ದರೆ ತಾನೇ.

ಮೊದಲ ಎರಡು ದಿನ ನೀವೇ ಕಂಡಿರಿ. ನನ್ನನ್ನು ನೋಡಿ ಅವರು ಎದ್ದು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಬಂದ ಮೇಲೆ ನನ್ನ ಕಿವಿ ಹಿಂಡಿದರು, ಎಡಗೈಯಲ್ಲಿ, ಎರಡು ಕೈಯ ಬಲ ಹಾಕಿ. ಆಮೇಲೆ ಇಬ್ಬರೂ ಸುಮ್ಮನೆ ಕೂತೆವು. ಮಾತಾಡದ ಅಣ್ಣನ ಜೊತೆ ಕೂರುವುದು ನನಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರದೇ ಮಾತು, ನನ್ನದು ಹೂಂ.

ಮೂರನೆಯ ದಿನ ನಾನು ಆರಿಸಿ ತಂದಿದ್ದ ಹಾಡುಗಳನ್ನು ಅವರ ಫೋನಿಗೆ ಹಾಕಿ ಹಚ್ಚಿದೆ. ನಿಮ್ಮ ದನಿ ಒಂದೇ, ತೊಳೆದ ತಟ್ಟೆಯ ಹಾಗೆ. ಒಂದು ಸಾಲು ಕೇಳಿದರು, ಗೋಡೆಯ ಕಡೆ ತಿರುಗಿದರು. ಇದನ್ನು ಸರಿಯಾಗಿ ಆರಿಸಿಲ್ಲ, ಇನ್ನೊಂದು ಹಚ್ಚುತ್ತೇನೆ ಎಂದು ಗಡಿಬಿಡಿಯಲ್ಲಿ ಒತ್ತಿದ್ದು ತಪ್ಪು ಫೈಲು. ತೊಳೆಯದೆ ಇದ್ದದ್ದು. ಆ ಬಸ್ ಡ್ರೈವರ್ ಅಭ್ಯಾಸ ಮಾಡಿದ್ದು. ಹಿಂದೆ ನೀವು ಹಾಡುತ್ತಿದ್ದೀರಿ. ಅವರು "ನೀ... ನೀ... ನೀ..." ಎಂದು ಕೆಟ್ಟ ಎಂಜಿನ್ನಿನ ಹಾಗೆ ಕೆಮ್ಮಿ ನಿಲ್ಲುತ್ತಾರೆ, "ಥೂ" ಎಂದು ಸ್ಪಷ್ಟವಾಗಿ ಉಗಿಯುತ್ತಾರೆ. ಅವರ ಹೆಂಡತಿ, "ಅದೊಂದು ಮಾತ್ರ ನೆಟ್ಟಗೆ ಬರುತ್ತೆ ನೋಡಿ ನಿಮಗೆ" ಎನ್ನುತ್ತಾರೆ.

ಅಣ್ಣನ ಭುಜ ಅಲ್ಲಾಡಿದವು. ಅಳುತ್ತಿದ್ದಾರೆಂದು ನಾನು ಹೆದರಿ ನಿಲ್ಲಿಸಿದೆ. ಅವರು ತಿರುಗಿದರು. ನಗುತ್ತಿದ್ದರು, ಅತ್ತಿಗೆ. ಕಣ್ಣಲ್ಲಿ ನೀರು ಬರುವ ಹಾಗೆ. ಬೆರಳು ತಿರುಗಿಸಿ ಮತ್ತೆ ಹಚ್ಚು ಎಂದರು. ಮತ್ತೆ ಹಚ್ಚಿದೆ. ಮತ್ತೆ. ಡ್ರೈವರ್ 'ನೀ' ಎಂದು ನಿಂತಲ್ಲಿ ಅಣ್ಣ ತಾಳ್ಮೆಗೆಟ್ಟವರ ಹಾಗೆ ಮುಂದಕ್ಕೆ ಬಾಗಿದರು, ತೊಡೆ ತಟ್ಟಿದರು, "...ರು" ಎಂದರು.

ನಾನು ಕೆಮ್ಮಲಿಲ್ಲ, ಅಲುಗಲಿಲ್ಲ. ಇನ್ನೊಮ್ಮೆ ಹಚ್ಚಿದೆ. "...ರು ಬೇ..." ಎಂದರು. ಆಮೇಲೆ ಬೇಕರಿಯ ಹೆಂಗಸಿನದು, ಅದಕ್ಕೂ ಕೂಡಿಕೊಂಡರು. ಮಧ್ಯಾಹ್ನವಿಡೀ ನಾವು ಮೂವರೋ ನಾಲ್ವರೋ ಹಾಡಿದೆವು ಎಂದು ಲೆಕ್ಕ ಹಾಕಿಕೊಳ್ಳಿ. ನನಗೆ ಅನ್ನಿಸಿದ್ದು ಇಷ್ಟು. ಹರಾಜು ಕೂಗುವವನು ತಾನೇ ಮೊದಲ ಬೆಲೆ ಹೇಳುವುದಿಲ್ಲವಲ್ಲ. ಕೆಳಗಿನಿಂದ ಯಾರಾದರೂ, ಎಷ್ಟೇ ಕಡಿಮೆಯಾಗಲಿ, ಒಂದು ಬೆಲೆ ಕೂಗಬೇಕು. ಆಮೇಲೆ ಅವನನ್ನು ಹಿಡಿಯುವವರಿಲ್ಲ. ನೀವು ಹಾಡಿದ್ದು ತೀರಾ ಚೆನ್ನಾಗಿತ್ತು, ಅತ್ತಿಗೆ. ಅವರಿಗೆ ತನಗಿಂತ ಕೆಟ್ಟದಾಗಿ ಹಾಡುವ ಒಬ್ಬ ಬೇಕಾಗಿದ್ದ.

ಅಕ್ಕಿಯಿಂದ ಕಲ್ಲು ಆರಿಸುತ್ತೇನೆಂದು ಹೊರಟಿದ್ದ ನಾನು ಆರಿಸಿ ಎಸೆಯುತ್ತಿದ್ದದ್ದು ಅಕ್ಕಿಯನ್ನೇ. ಇಲ್ಲಿಗೆ ಬಂದ ಮೇಲೆ ಎಲ್ಲರ ಮನೆಯವರಿಗೂ ಬರೆದು, ಅವರ ದನಿಯನ್ನೂ ಹಾಗೇ ಇಡಬಹುದೇ ಎಂದು ಕೇಳಿದೆ. ಇಬ್ಬರು ಬೇಡ ಎಂದರು, ಅವರದನ್ನು ತೆಗೆದೆ. ಡ್ರೈವರ್ ಯಜಮಾನರ ಹೆಂಡತಿ ಹೀಗೆ ಉತ್ತರ ಕೊಟ್ಟಿದ್ದಾರೆ: 'ಇಟ್ಟುಕೊಳ್ಳಿ. ಇವರ ದನಿ ಕೇಳಿ ಯಾರಿಗಾದರೂ ನಗು ಬಂದರೆ ಇವರಿಗೂ ಖುಷಿಯೇ. ಥೂ ಎಂದದ್ದನ್ನು ಮಾತ್ರ ತೆಗೆಯಬೇಡಿ ಎನ್ನುತ್ತಿದ್ದಾರೆ.'

ಇನ್ನು ಮತದ ವಿಷಯ. ನಾನಿಲ್ಲದ ಕಾರಣ ಮುಂದಕ್ಕೆ ಹಾಕಿದ್ದರು, ನಿನ್ನೆ ನಡೆಯಿತು. ಮಾರೋಣ ಎನ್ನಲು ಬರೆದಿಟ್ಟಿದ್ದ ಭಾಷಣ ಜೇಬಿನಲ್ಲೇ ಇತ್ತು. ಅದನ್ನು ಓದಲಿಲ್ಲ. ನಮ್ಮಣ್ಣನಿಗೆ ಹೀಗಾಗಿದೆ, ಕೋಣೆಯಲ್ಲಿ ಹೀಗೆ ನಡೆಯಿತು ಎಂದು ಇದ್ದದ್ದನ್ನು ಹೇಳಿದೆ. ಡ್ರಮ್ಮಿನವನು ಎದ್ದ.

"ಅಲ್ಲಯ್ಯಾ, ಆ ಡ್ರೈವರ್ ಹಾಡನ್ನ ಕಂಪನಿಯವರ ಯಂತ್ರಕ್ಕೆ ಕೊಟ್ಟಿದ್ರೆ ಏನ್ ಮಾಡ್ತಿತ್ತು?"

"ಗುಣಮಟ್ಟ ಕಳಪೆ, ತೆಗೆದುಹಾಕಲಾಗಿದೆ ಅಂತಿತ್ತು" ಎಂದೆ.

"ಜೊತೆಗೆ ಮೂರು ಸ್ವರ ಕದ್ದಿದ್ದಾರೆ ಅಂತ ಕೇಸೂ ಹಾಕ್ತಿತ್ತು" ಎಂದ.

ಮಾರುವುದಿಲ್ಲ ಎಂದಾಯಿತು. ಭಾರಿ ಅಂತರವೇನಲ್ಲ, ಕೂದಲೆಳೆ. ನಮ್ಮ ನಾಲ್ವರಲ್ಲಿ ಇಬ್ಬರು ಕಂಪನಿಗೆ ಹೋಗುತ್ತಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಅವರವರ ಮನೆಯಲ್ಲಿ ಅವರವರ ಕಷ್ಟ. ನನ್ನ ಕೆಲಸ ದುಪ್ಪಟ್ಟಾಗುತ್ತದೆ. ಆದರೂ ನಿನ್ನೆ ಮನೆಗೆ ನಡೆದು ಬರುವಾಗ ಹೊಸ ಚಪ್ಪಲಿ ಕಳಚಿಟ್ಟು ಹಳೆಯದನ್ನು ಮೆಟ್ಟಿದ ಹಾಗಿತ್ತು ಕಾಲಿಗೆ. ನಿಮ್ಮ ಆಸ್ಪತ್ರೆಯೂ ಒಂದು ಪ್ರತಿ ಇಟ್ಟುಕೊಳ್ಳುತ್ತೇವೆ ಎಂದು ಡಾಕ್ಟರಮ್ಮ ತಿಳಿಸಿದ್ದಾರೆ. ನಿಮ್ಮ ಶಾಲೆ, ಇಲ್ಲಿಯ ಲೈಬ್ರರಿ, ಮತ್ತೆ ನಾವು. ಇನ್ನು ಯಾರೋ ಒಬ್ಬರು ಬೀಗ ಹಾಕಿದರೆ ಹಾಡು ನಿಲ್ಲುವುದಿಲ್ಲ.

ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿ. ಕಿವಿಯ ನೋವು ಇನ್ನೂ ಇದೆ ಎನ್ನಿ.

ನಿಮ್ಮ ತಿರುಪು


ಮೇ 9

ಪ್ರೀತಿಯ ತಿರುಪು,

ತಡವಾಯಿತು, ಈ ಸಲ ನಿಜವಾಗಿಯೂ ಕೆಲಸ ಜಾಸ್ತಿ. ಪರೀಕ್ಷೆ ಮುಗಿದು ಶಾಲೆಗೆ ರಜೆ ಕೊಟ್ಟರು.

ನಿನ್ನ ಕಾಗದವನ್ನು ಓದಿ ಹೇಳಿದೆ. ಕಿವಿಯ ಭಾಗ ಎರಡು ಸಲ ಓದಿಸಿದರು. ಇವರಿಗೆ ತನಗಿಂತ ಕೆಟ್ಟದಾಗಿ ಹಾಡುವವನು ಬೇಕಾಗಿದ್ದ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗ ನನಗೆ ಮೊದಲು ಚುಚ್ಚಿತು. ಇಷ್ಟು ವರ್ಷ ಕಲಿಸಿದವಳಿಗೆ ಅದು ಹೊಳೆಯಬೇಡವೇ ಎಂದು. ಆಮೇಲೆ ಎಷ್ಟು ಹಗುರಾಯಿತು ಗೊತ್ತೇ? ಮನೆಯಲ್ಲೂ ನಾನು ಮೇಷ್ಟ್ರಾಗಿರಬೇಕಿಲ್ಲ. ಇವರು ಕೋಣೆಯಲ್ಲಿ ಡ್ರೈವರ್ ಜೊತೆ ಕಿರುಚಾಡುತ್ತಿದ್ದರೆ ನಾನು ವರಾಂಡದಲ್ಲಿ ಕಾಲು ಚಾಚಿ ಕೂರುತ್ತೇನೆ. ಬಾಗಿಲು ಈಗ ತೆರೆದೇ ಇರುತ್ತದೆ. ಮೊನ್ನೆಯಿಂದ ಮಾತಿನ ಕೋಣೆಗೂ ಬರುತ್ತಿದ್ದಾರೆ. ಅಲ್ಲಿ ನಿಜವಾದ ಡ್ರೈವರ್ ಸಿಕ್ಕಿದರು. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುವುದನ್ನು ನೋಡಿ ಡಾಕ್ಟರಮ್ಮ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಒಂದು ತಮಾಷೆ. ದೊಡ್ಡ ಕಂಪನಿಯಿಂದ ಶಾಲೆಯ ವಿಳಾಸಕ್ಕೆ ಸಂದೇಶ ಬಂದಿದೆ. ಮತ್ತೊಮ್ಮೆ ಪರಿಶೀಲಿಸಿದರಂತೆ, ತಪ್ಪಾಗಿತ್ತಂತೆ, ಖಾತೆ ತೆರೆದಿದ್ದಾರಂತೆ, ನಿಮ್ಮ ತಾಳ್ಮೆಗೆ ವಂದನೆ ಎಂದಿದ್ದಾರೆ. ನನ್ನ ತಾಳ್ಮೆಯನ್ನು ಇವರು ಯಾವಾಗ ನೋಡಿದರೋ. ಒಳಗೆ ಹೋಗಿ ನೋಡಿದೆ, ಎಲ್ಲವೂ ಇಟ್ಟ ಹಾಗೇ ಇತ್ತು, ನಿನ್ನ ಚಡ್ಡಿ ಕಾಲದ ಫೋಟೊ ಸಹಿತ. ಫೋಟೊಗಳನ್ನೂ ಹಾಡುಗಳನ್ನೂ ಒಂದೊಂದಾಗಿ ಈಚೆಗೆ ತೆಗೆದುಕೊಂಡೆ. ನಿನಗೆ ಸಿಗದಿದ್ದ ಅರ್ಧವನ್ನು ನಿಮ್ಮ ಪುಟಕ್ಕೆ ಹಾಕಿದ್ದೇನೆ. ಆಮೇಲೆ ಖಾತೆಯನ್ನು ನಾನೇ ಮುಚ್ಚಿದೆ. 'ಬಿಟ್ಟು ಹೋಗಲು ಕಾರಣವೇನು' ಎಂದು ಕೇಳಿತು. ಏನೂ ಬರೆಯದೆ ಒತ್ತಿದೆ.

ಇನ್ನು ನಿಜವಾದ ಸುದ್ದಿ. ನಿನ್ನೆ ನಮ್ಮಿಬ್ಬರಿಗೂ ಜಗಳವಾಯಿತು.

ಸಂಜೆ ಇಬ್ಬರೂ ಊಟದ ಮೇಜಿನ ಹತ್ತಿರ ಕೂತಿದ್ದೆವು. ಇವರು ಏನೋ ಹೇಳಲು ಶುರುಮಾಡಿದರು. "ನಾ... ನಾಳೆ..." ಎಂದರು. ನಾನು, "ನಾಳೆ ಆಸ್ಪತ್ರೆಗಾ?" ಎಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿ, "ನಾಳೆ ಬೆ..." ಎಂದರು. "ಬೆಳಿಗ್ಗೆ ಬೇಗ ಏಳಿಸ್ಬೇಕಾ? ಬೆನ್ನು ನೋವಾ? ಬೆಲ್ಟು ಹುಡುಕ್ಬೇಕಾ?" ಎಂದು ಒಂದರ ಮೇಲೊಂದು ಕೇಳಿದೆ. ಐದು ತಿಂಗಳಿಂದ ಇದೇ ನನ್ನ ಕಸುಬಾಗಿತ್ತು. ಅವರು ಮೊದಲಕ್ಷರ ಹಾಕಿದರೆ ನಾನು ಪದ ತುಂಬುವುದು. ಒಳ್ಳೆಯದೇ ಮಾಡುತ್ತಿದ್ದೇನೆಂದು ತಿಳಿದಿದ್ದೆ.

ಇವರು ಮೇಜಿನ ಮೇಲೆ ಎಡಗೈ ಬಡಿದರು. ಲೋಟ ಉರುಳಿತು. ಮುಖ ಕೆಂಪಾಗಿತ್ತು.

"ಮು... ಮುಗಿಸೋಕೆ... ಬಿಡೇ" ಎಂದರು.

ಇದು ನನ್ನ ಯಾವ ಹಾಡಿನಲ್ಲೂ ಇಲ್ಲ, ತಿರುಪು. ರಾಗವೂ ಇರಲಿಲ್ಲ. ಒಣ ಮಾತು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನಗೆ ಮಾತು ಮುಗಿಸಲು ಬಿಡದಿದ್ದವರು ಇವರು, ಈಗ ಇವರ ಬಾಯಲ್ಲಿ ಈ ದೂರು. "ನನ್ನ ಮೇಲೆ ಯಾಕ್ರೀ ರೇಗ್ತೀರಾ? ನಾನೇನು ನಿಮ್ಮ ಹೊಟ್ಟೆಯೊಳಗೆ ಹೊಕ್ಕು ನೋಡ್ಲಾ?" ಎಂದು ನಾನೂ ರೇಗಿದೆ. ಬೇಕೆಂದೇ ರೇಗಿದೆ. ಡಿಸೆಂಬರಿನಿಂದ ಇವರ ಜೊತೆ ಒಂದು ಸಲವೂ ದನಿ ಎತ್ತಿ ಮಾತಾಡಿರಲಿಲ್ಲ, ಗಾಜಿನ ಪಾತ್ರೆಯ ಹಾಗೆ ಹಿಡಿದುಕೊಂಡು ತಿರುಗಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದೆವು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಸಮಾಧಾನವಾಗಿ ಮುಖ ಒಳಗೆ ಎಳೆದುಕೊಂಡಳು.

ನಾನು ಬಾಯಿ ಮುಚ್ಚಿಕೊಂಡೆ. ಇವರು ಮೊದಲಿನಿಂದ ಶುರುಮಾಡಿದರು. ನಾಳೆ, ಎಂದರು. ನಿಂತರು. ನಾನು ಮೇಜಿನ ಮೇಲೆ ಚೆಲ್ಲಿದ ನೀರು ಅಂಚಿಗೆ ಹರಿದು ಹೋಗುವುದನ್ನೇ ನೋಡುತ್ತ ಕೂತೆ, ಒರೆಸಲು ಏಳಲಿಲ್ಲ. ಬೆ, ಎಂದರು. ಬೆಂಡೆ, ಎಂದರು. ತಲೆ ಅಲ್ಲಾಡಿಸಿ ಹಿಂದಕ್ಕೆ ಹೋದರು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಪದಗಳು ಬಂದು ನಿಂತವು, ಹಲ್ಲು ಕಚ್ಚಿದೆ. ಕೊನೆಗೂ ಬಂತು.

"ನಾಳೆ... ಬೇಡ ನೀನು... ಅಡುಗೆ. ನಾನು... ಮಾಡ್ತೀನಿ."

ಆ ಮನುಷ್ಯ ಈ ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ಮಾತು ವಾಪಸು ಬರುವಾಗ ದಾರಿ ತಪ್ಪಿ ಬೇರೆ ಯಾರದೋ ಬಂದಿರಬೇಕು ಎಂದೆ. ನಕ್ಕರು. ಇವತ್ತು ಬೆಳಿಗ್ಗೆ ಎಡಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾರೆ, ಒಂದೊಂದು ತುಂಡೂ ಒಂದೊಂದು ಊರಿನಷ್ಟಿದೆ. ಉಪ್ಪು ಎಲ್ಲಿ ಎಂದು ಕೇಳಲು ಆಗಲೇ ಎರಡು ಸಲ ಬಾಯಿ ತೆರೆದಿದ್ದಾರೆ. ಡಬ್ಬ ಅವರ ಕಣ್ಣೆದುರೇ ಇದೆ. ನಾನು ಹೇಳುತ್ತಿಲ್ಲ, ಕಾಯುತ್ತಿದ್ದೇನೆ.

ಅತ್ತಿಗೆ